ಮೂವತ್ತೊಂಬತ್ತು

ಜಾಘೋರಿಯ ಚಳಿಗೆ ಪೆನ್ನಿನ ಕೆಂಪು ಶಾಯಿಯೂ ಹೆಪ್ಪುಗಟ್ಟುತ್ತದೆ.
ಬುಖಾರಿಯ ತಗಡಿಗೆ ಹಿಡಿಯುತ್ತೇನೆ,
ಅಂಗೈಯಲ್ಲಿಟ್ಟು ಉಜ್ಜುತ್ತೇನೆ,
ಮತ್ತೆ ತಿದ್ದಲು ಕೂರುತ್ತೇನೆ.
ಇವರೆಲ್ಲ ನನ್ನ ಮುಂದೆಯೇ ಅಕ್ಷರ ತಿದ್ದಿದವರು.
ತಿದ್ದುವುದು ಎಂದರೆ ಆಗ ಬೇರೆ ಇತ್ತು.

ಆರನೆಯ ತರಗತಿ, ಗಣಿತ, ವರ್ಷಾಂತ್ಯ.
ಇದರಾಚೆಗೆ ಅಂಕಿಯಿದೆ, ಕೋಣೆಯಿದೆ, ಕರಿಹಲಗೆಯಿದೆ,
ಹುಡುಗಿಯರಿಗಿಲ್ಲ.
ಏಳು ಎಂದರೆ ನಮ್ಮ ಮಕ್ಕಳಿಗೆ ಎದ್ದು ಹೋಗು ಎಂದರ್ಥ.
ಇವತ್ತು ರಾತ್ರಿ ಇಪ್ಪತ್ತೆರಡು ಮಂದಿಯನ್ನು
ಪಾಸು ಮಾಡಿ ಮನೆಗೆ ಕಳಿಸಿದೆ.
ಒಬ್ಬಳಿಗೆ ನೂರಕ್ಕೆ ನೂರು.
ಪಾಪ.

ಕಟ್ಟಿನ ತಳದಲ್ಲಿ ಶುಗೂಫಾಳ ಹಾಳೆ.
ಬೇಕೆಂದೇ ತಳಕ್ಕಿಟ್ಟಿದ್ದೆ.
ಅವಳಿಗಿದು ಮೂರನೆಯ ಆರು.
ಮೊದಲ ಸಲ ನಪಾಸಾದಾಗ ಅವಳಪ್ಪ ಬಂದು
ಟೋಪಿ ಕೈಯಲ್ಲಿ ಹಿಡಿದು ನಿಂತು ಕೇಳಿದ್ದ:
ನನ್ನ ಮಗಳು ಅಷ್ಟು ದಡ್ಡಿಯೇ, ಮುಅಲ್ಲಿಮ್?
ಅಲ್ಲ, ಎಂದೆ.
ಒಂದು ಗಳಿಗೆ ನೆಲ ನೋಡಿದ, ಹೊರಟುಹೋದ.
ಮರುದಿನ ಬಾದಾಮಿಯ ಗಂಟೊಂದು ಬಂತು,
ಜೊತೆಗೆ ಮಾತೇನೂ ಬರಲಿಲ್ಲ.

ತಪ್ಪು ಬರೆಯುವುದೂ ಒಂದು ವಿದ್ಯೆ.
ಸರಿ ಗೊತ್ತಿದ್ದವರ ಕೈಯಿಂದ ಮಾತ್ರ
ಇಷ್ಟು ಚೊಕ್ಕ ತಪ್ಪು ಬರುತ್ತದೆ.
ಏಳೆಂಟ್ಲಿ ಐವತ್ತೇಳು.
ನೂರ ನಲವತ್ತನಾಲ್ಕರ ವರ್ಗಮೂಲ ಹದಿಮೂರು.
ಎಲ್ಲೆಲ್ಲೂ ಒಂದೇ ಒಂದು ಹೆಚ್ಚು.
ಇನ್ನೊಂದು, ಇನ್ನೊಂದೇ ಒಂದು ವರ್ಷ:
ಬಾಯಿಬಿಟ್ಟು ಕೇಳಲಾಗದ್ದನ್ನು
ಪ್ರತಿ ಲೆಕ್ಕದ ಬುಡದಲ್ಲಿ ಕೂಡಿಸಿಟ್ಟಿದ್ದಾಳೆ.

ತಮ್ಮ ಯಾಸೀನ್ ಏಳರಲ್ಲಿದ್ದಾನೆ,
ಅವನ ಬೀಜಗಣಿತದ ಪಟ್ಟಿ ನೋಡಿದ್ದೇನೆ.
ಮುದ್ದಾದ ಅಕ್ಷರ. ಅವನದಲ್ಲ.

ಹೋದ ವಾರ ತಪಾಸಣೆಗೆ ಬಂದವರು
ಯಾರ ವಯಸ್ಸನ್ನೂ ಕೇಳಲಿಲ್ಲ.
ಬಾಗಿಲಲ್ಲೇ ನಿಂತು ತಲೆಗಳ ಮೇಲೆ ಕಣ್ಣು ಹಾಯಿಸಿದರು,
ಹೊಲದಲ್ಲಿ ಎತ್ತರ ಬೆಳೆದ ಕಳೆ ಹುಡುಕುವವರ ಹಾಗೆ.
ಬೆನ್ನು ನೆಟ್ಟಗಿರಲಿ, ತಲೆಯೆತ್ತಿ ಓದು ಎಂದು
ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದ ಈ ಬಾಯಿ
ಬಾಗು ಎಂದಿತು.
ಇನ್ನೂ ಬಾಗು.
ಹದಿನಾಲ್ಕರ ಹುಡುಗಿ ಬಾಗಿ ಬಾಗಿ ಹನ್ನೊಂದಾದಳು.

ಪಾಸಾದವಳಿಗೆ ಗೋಡೆ, ನಪಾಸಾದವಳಿಗೆ ಶಾಲೆ:
ಈ ಸೂತ್ರ ಬರೆದವರು ಯಾವ ಶಾಲೆಯಲ್ಲಿ ಓದಿದರು?
ಅವರಿಗೆ ಮೊದಲ ಮಾತು ಕಲಿಸಿದವಳಿಗೆ
ಹೆಸರಿತ್ತೇ?

ಕೊನೆಯ ಪ್ರಶ್ನೆಗೆ ಬಂದೆ.
ಒಂದು ತೊಟ್ಟಿ. ಒಂದು ನಲ್ಲಿ ಆರು ಗಂಟೆಯಲ್ಲಿ ತುಂಬಿಸುತ್ತದೆ.
ತಳದ ತೂತು ಒಂಬತ್ತು ಗಂಟೆಯಲ್ಲಿ ಬರಿದು ಮಾಡುತ್ತದೆ.
ಎರಡೂ ತೆರೆದೇ ಇದ್ದರೆ, ತೊಟ್ಟಿ ಎಂದಾದರೂ ತುಂಬೀತೇ?

ತುಂಬುತ್ತದೆ, ಎಂದು ಬರೆದಿದ್ದಾಳೆ.
ಹದಿನೆಂಟು ಗಂಟೆ. ಕೆಳಗೆ ಎರಡು ಗೆರೆ.
ಹತ್ತೊಂಬತ್ತಲ್ಲ.

ಕೂಡಿದೆ. ನಲವತ್ತನಾಲ್ಕು.
ನಲವತ್ತಕ್ಕೆ ಪಾಸು.
ಹೊರಗೆ ಯಾರದೋ ನಾಯಿ ಬೊಗಳಿ ಸುಮ್ಮನಾಯಿತು.
ಸರಿಯಾದ ಉತ್ತರವೊಂದನ್ನು ಈ ಕೈ ಎಂದೂ ಹೊಡೆದು ಹಾಕಿರಲಿಲ್ಲ.
ಶಾಯಿ ಮತ್ತೆ ಹೆಪ್ಪುಗಟ್ಟಿತ್ತು,
ಕಾಯಿಸಿದೆ,
ಹೊಡೆದೆ.
ನಮ್ಮ ಲಿಪಿಯಲ್ಲಿ ಸೊನ್ನೆಯೆಂದರೆ ಬರೀ ಒಂದು ಚುಕ್ಕಿ.
ಹದಿನೆಂಟರ ಪಕ್ಕದಲ್ಲಿ ಅದನ್ನಿಟ್ಟೆ,
ಕಾಳೊಂದನ್ನು ಊರುವಷ್ಟು ಒತ್ತಿ.

ಬೆಳಿಗ್ಗೆ ಹಾಳೆ ಹಿಡಿದು ಬಂದಳು.
ಮೂವತ್ತೊಂಬತ್ತು. ಕಣ್ಣು ಮಿನುಗಿತು, ಆಮೇಲೆ ತೊಟ್ಟಿಯ ಬಳಿ ನಿಂತಿತು.
ಕೊನೆಯದು ಸರಿಯಿತ್ತು, ಎಂದಳು ಮೆಲ್ಲಗೆ.
ಗೊತ್ತು.
ಅದನ್ನೂ ತಪ್ಪು ಬರೆಯೋಣವೆಂದೇ ಇದ್ದೆ. ಕೈ ಬರಲಿಲ್ಲ.

ಮುಂದಿನ ವರ್ಷ ಇನ್ನಷ್ಟು ಬಾಗಬೇಕಾಗುತ್ತದೆ, ಎಂದೆ.
ಹೂಂ, ಎಂದಳು.
ನಮ್ಮ ಮಣ್ಣುಗೋಡೆಯ ಶಾಲೆಗೆ ಬಾಗಿಲು ಗಿಡ್ಡ.
ಹಾಳೆ ಎದೆಗವಚಿ ಓಡುವ ಭರದಲ್ಲಿ
ಮರೆತಳು, ನೆಟ್ಟಗೇ ಹೊರಟಳು.
ಹಣೆ ಚೌಕಟ್ಟಿಗೆ ಬಡಿಯಿತು.

ಚೌಕಟ್ಟಿನಿಂದ ಒಂದಿಷ್ಟು ಮಣ್ಣುದುರಿತು.